ಕಕ್ಕೆತೋಡು ನಿಯಮಿತ

ಷೇರು ಪತ್ರದ ಮೇಲೆ ಒಂದು ಮಿಂಚು,
ಅದರಡಿ ಹೂಬಿಟ್ಟ ಕಾಫಿಯ ಗೆಲ್ಲು.
ಚೀಯಣ್ಣನವರೇ ಬಿಡಿಸಿದ್ದು, ಸರ್ವೆ ಇಲಾಖೆಯಿಂದ
ನಿವೃತ್ತಿಯ ದಿನ ಜೇಬಲ್ಲೇ ಉಳಿದ ಪೆನ್ಸಿಲಿನಲ್ಲಿ.
ಷೇರಿಗೆ ಇಪ್ಪತ್ತು ರೂಪಾಯಿ. ಕಾಸಿಲ್ಲದವರಿಂದ
ಕರಿಮೆಣಸು ತೂಗಿಸಿಕೊಂಡರು, ಪೋಕರ್ ಕಾಕನ ತಕ್ಕಡಿಯಲ್ಲಿ.
ಹೀಗೆ ಮಾದಾಪುರದಾಚೆ ಏಳು ಮೈಲಿ
ಮಿಂಚು ಸೇರಿನ ಲೆಕ್ಕದಲ್ಲಿ ಬಿಕರಿಯಾಯಿತು.

ನಾನು ಜೋಯಪ್ಪ, ಪವರ್ ಹೌಸಿನ ಗುಮಾಸ್ತ.
ಬೆಳಿಗ್ಗೆ ಆರಕ್ಕೆ ಅಳತೆಗೋಲು ನೋಡಿ
ನೀರು ಎಷ್ಟಡಿ, ಎಷ್ಟಂಗುಲ, ಬರೆದಿಡುವವನು.
ಜಾಲರಿಗೆ ಸಿಕ್ಕ ತರಗೆಲೆಯನ್ನು ಕೊಕ್ಕೆ ಹಾಕಿ ಎಳೆಯುವವಳು ಪಾತಿ.
ಅವಳಿಗೆ ಬರೆಯುವ ಗೋಜಿಲ್ಲ,
ತೋಡಿನಲ್ಲಿ ನಿಂತ ಕಾಲೇ ಅಳತೆಗೋಲು:
ತೊಡೆ, ಮಂಡಿ, ಮೀನಖಂಡ.

ಪುತ್ತರಿಯ ರಾತ್ರಿ ಸ್ವಿಚ್ಚು ಹಾಕಿದೆವು.
ಕದಿರು ತೆಗೆಯಲು ಗದ್ದೆಗಿಳಿದವರು
ಕೋವಿ ಹಾರಿಸಿ ಹಿಂದಿರುಗಿ ನೋಡಿದರೆ
ಜಗಲಿಯಲ್ಲಿ ಇನ್ನೊಂದು ಹುಣ್ಣಿಮೆ.
ಬೊಳ್ಳಮ್ಮಜ್ಜಿ ಬಾಗಿಲಿಗೆ, ಪತ್ತಾಯಕ್ಕೆ ನೆರೆ ಕಟ್ಟಿ
ಉಳಿದೊಂದನ್ನು ಮೀಟರಿಗೆ ಕಟ್ಟಿದಳು.
ಒಳಗೆ ಚಕ್ರ ತಿರುಗುತ್ತಿತ್ತಲ್ಲ, ಜೀವವಿದೆ ಎಂದುಕೊಂಡಳು.

ಮೂರನೇ ವರ್ಷ ನೂರಕ್ಕೆ ಹನ್ನೊಂದು ಲಾಭಾಂಶ.
ಅಕ್ಕಿ ಗಿರಣಿ ಬಂತು, ಏಲಕ್ಕಿ ಒಣಗಿಸುವ ಗೂಡು ಬಂತು,
ಕೊನೆಗೆ ಮೋಟಾರು ಮಾರುವವನು ಬಂದ.
ಹೂಮಳೆಗೆ ಆಕಾಶವನ್ನೇಕೆ ಕಾಯುತ್ತೀರಿ ಎಂದ.
ಆಡಳಿತ ಮಂಡಳಿ ಸೇರಿ ಠರಾವು ಮಾಡಿತು:
ಪಂಪಿಗೆ ಕರೆಂಟು ಅರ್ಧ ದರ.
ಬರೆದದ್ದು ನಾನೇ. ಚೆಂದದ ಅಕ್ಷರ, ಈಗಲೂ ಚೆಂದವೇ.

ಪಂಪು ಇಟ್ಟದ್ದೆಲ್ಲಿ?
ಕಕ್ಕೆತೋಡಿನಲ್ಲೇ, ನಮ್ಮ ಕಟ್ಟೆಯ ಮೇಲ್ಗಡೆ.
ನೀರಿನಿಂದ ತೆಗೆದ ಕರೆಂಟನ್ನು ನಾವು ಅವರಿಗೆ ಮಾರಿದೆವು,
ಆ ಕರೆಂಟಿನಿಂದ ಅವರು ನಮ್ಮ ನೀರು ತೆಗೆದರು.

ಮಾರ್ಚಿಯ ಒಂದು ರಾತ್ರಿ
ಬಲ್ಬಿನೊಳಗಿನ ತಂತಿ ಕೆಂಪಾಗಿ, ಹುಳುವಾಗಿ, ಆರಿತು.
ಪಂಪುಗಳು ನಿಂತವು. ತೋಡು ತುಸು ಏರಿತು.
ಚಕ್ರ ತಿರುಗಿತು, ದೀಪ ಬಂತು, ಪಂಪು ಹೊರಟವು,
ದೀಪ ಹೋಯಿತು.
ಬೆಳಗಿನವರೆಗೆ ಇಡೀ ಕಣಿವೆ
ನಿದ್ದೆ ಬಾರದವನ ಹಾಗೆ ಕಣ್ಣು ಮಿಟುಕಿಸುತ್ತಿತ್ತು.

ಏಡಿಗಳು ಕಲ್ಲುಸಂದಿ ಬಿಟ್ಟು ಹೋದವು ಎಂದಳು ಪಾತಿ.
ನನ್ನ ಪುಸ್ತಕದಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಎಂಟನೇ ದಿನ ತೋಟಗಳೆಲ್ಲ ಒಟ್ಟಿಗೆ ಹೂಬಿಟ್ಟವು.
ಅಷ್ಟು ಬೆಳ್ಳಗೆ ನಮ್ಮ ಯಾವ ಬಲ್ಬೂ ಉರಿದಿರಲಿಲ್ಲ.
ಪರಿಮಳ ಇಳಿದು ಬಂದು
ನಿಂತ ಟರ್ಬೈನಿನ ಸುತ್ತ ಸುಳಿಯಿತು.

ವಾರ್ಷಿಕ ಸಭೆಯಲ್ಲಿ ಇಂಜಿನಿಯರನನ್ನು ಬೈದರು, ಮಳೆಯನ್ನು ಬೈದರು,
ಕಾಡು ಕಡಿದವರನ್ನು, ಕಡಿಯಲು ಬಿಟ್ಟವರನ್ನು.
ಚೀಯಣ್ಣ ಎದ್ದು ಕೇಳಿದ್ದು ಒಂದೇ ಮಾತು:
ಯಾರ ಮನೆಯಲ್ಲಿ ಪಂಪಿಲ್ಲ, ಕೈ ಎತ್ತಿ.
ಸೀಲಿಂಗಿನಲ್ಲಿ ಫ್ಯಾನು ಅಲ್ಲಾಡದೆ ತೂಗಿತ್ತು.
ನಾನು ಎತ್ತಬಹುದಿತ್ತು. ಗುಮಾಸ್ತನಿಗೆ ಮತವಿರಲಿಲ್ಲ.
ಆಮೇಲೆ ಒಟ್ಟಿ, ಪಂದಿಕರಿ. ಚೆನ್ನಾಗಿಯೇ ಉಂಡೆವು.

ಹರಾಜಿನವರು ತಾಮ್ರವನ್ನು ಲಾರಿಗೆ ಹಾಕಿಕೊಂಡರು.
ಬೋರ್ಡು ಮಾತ್ರ ಯಾರಿಗೂ ಬೇಡವಾಯಿತು.
ಕಕ್ಕೆತೋಡು ಜಲವಿದ್ಯುತ್ ಕಂಪನಿ ನಿಯಮಿತ:
ಅಷ್ಟುದ್ದ ಹೆಸರಿನಲ್ಲಿ ಕೊನೆಯ ಪದವೊಂದೇ ನಿಜ ಹೇಳಿತ್ತು,
ನಾವು ಅಲ್ಲಿಯವರೆಗೆ ಓದಿರಲಿಲ್ಲ.

ಜೂನಿನಲ್ಲಿ ತೋಡು ಬಂತು,
ಎಂಟಡಿ, ಒಂಬತ್ತಡಿ, ಅಳೆಯುವವರಿಲ್ಲ.
ಆರು ಗಂಟೆಗೆ ಇವತ್ತಿಗೂ ಎಚ್ಚರವಾಗುತ್ತದೆ ನನಗೆ.

ಕೊನೆಯ ಮೂರು ತಿಂಗಳ ಸಂಬಳಕ್ಕೆ
ಪಾತಿಗೆ ಆರು ಷೇರು ಕೊಟ್ಟಿದ್ದರು.
ಗಾಳಿ ನುಗ್ಗುವ ತಟ್ಟಿಗೆ ಗಂಜಿ ಹಚ್ಚಿ ಅಂಟಿಸಿದ್ದಾಳೆ,
ಮಿಂಚು ಒಳಮುಖವಾಗಿ.